ಗುರುವಾರದ್ದು

ಪಿಯಾನೊದ ಮೇಲಿದ್ದ ಹೂಗುಚ್ಛಗಳನ್ನು ಟೀಚರ್ ಒಂದೊಂದಾಗಿ ಕೆಳಗಿಳಿಸಿದರು. ಹಾಳೆ ನಿಲ್ಲಿಸುವ ಹಲಗೆಯನ್ನು ಕರವಸ್ತ್ರದಿಂದ ಒರೆಸಿ, ಚೀಲದಿಂದ ನಾಲ್ಕು ಹಾಳೆ ತೆಗೆದು ಅಲ್ಲಿ ಇಟ್ಟರು. ಕೈಗೆಟುಕುವಷ್ಟು ಹತ್ತಿರದಲ್ಲಿ, ಕಿಟಕಿಯ ಕೆಳಗಿನ ಮಂಚದಲ್ಲಿ, ಮೇಷ್ಟ್ರು ಗದ್ದದವರೆಗೆ ಬಿಳಿ ಹೊದಿಕೆ ಹೊದ್ದು ಮಲಗಿದ್ದರು. ನಲವತ್ತಾರು ವರ್ಷ ಇದೇ ಕೋಣೆಯಲ್ಲಿ ಇದೇ ಪಿಯಾನೊದ ಎಡಕ್ಕೆ ಕುರ್ಚಿ ಹಾಕಿಕೊಂಡು ಪಾಠ ಹೇಳಿದ ಮನುಷ್ಯ. ಹಾಳೆ ಸೊಟ್ಟಗೆ ನಿಂತರೆ ಅವರಿಗೆ ಸಹಿಸುತ್ತಿರಲಿಲ್ಲ. ಟೀಚರ್ ಅದನ್ನು ಇನ್ನೊಮ್ಮೆ ನೆಟ್ಟಗೆ ಮಾಡಿದರು.

ಬಸ್ಸಿನ ಕಿಟಕಿಯಿಂದ ಸೀಟಿಗೆ ಕರವಸ್ತ್ರ ಎಸೆಯುವವರ ಹಾಗೆ, ಈ ಹಾಳೆ ಇಡಲೆಂದೇ ಆಕೆ ಎಲ್ಲರಿಗಿಂತ ಮೊದಲು ಬಂದಿದ್ದರು. ಗಂಟೆ ಒಂಬತ್ತೂಕಾಲು. ಹನ್ನೊಂದಕ್ಕೆ ಮೇಷ್ಟ್ರನ್ನು ಒಯ್ಯಲು ವ್ಯಾನು ಬರುತ್ತದೆ. ಅದಕ್ಕೆ ಮುಂಚೆ ಮೇಷ್ಟ್ರದ್ದೇ ಒಂದು ರಚನೆ ನುಡಿಸಬಹುದು, ಒಂದೇ ಒಂದು, ಅಂತ ಮೇಷ್ಟ್ರ ಹೆಂಡತಿ ಹಿಂದಿನ ದಿನ ಫೋನಿನಲ್ಲಿ ಹೇಳಿದ್ದರು. ಯಾರು ನುಡಿಸಬೇಕು ಅಂತ ಹೇಳಿರಲಿಲ್ಲ. ಅದನ್ನೂ ಬಾಯಿಬಿಟ್ಟು ಹೇಳಬೇಕೇ? ಮೇಷ್ಟ್ರು ಪಾಠ ಶುರುಮಾಡಿದ ವರ್ಷವೇ, ಹನ್ನೆರಡು ತುಂಬುವ ಮೊದಲೇ, ಸೇರಿದವರು ಟೀಚರ್. ಈಗ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತ ಕಲಿಸುತ್ತ ಐವತ್ತೆಂಟಕ್ಕೆ ಬಂದಿದ್ದಾರೆ. ಹಿರಿತನ ಅನ್ನುವುದಕ್ಕೆ ಏನಾದರೂ ಬೆಲೆ ಇದ್ದರೆ ಆ ಬೆಂಚು ಅವರದೇ.

"ಬಂದ್ಯಾ? ಹೊಟ್ಟೆಗೇನಾದ್ರೂ ಹಾಕ್ಕೊಂಡ್ಯಾ?" ಅನ್ನುತ್ತ ಮೇಷ್ಟ್ರ ಹೆಂಡತಿ ಒಳಗಿನಿಂದ ಬಂದರು. ಎಲ್ಲ ಶಿಷ್ಯರಿಗೂ ಅವರು ಅಮ್ಮ. "ಹೂವು ಯಾಕೆ ಇಳಿಸ್ದೆ?"

"ನುಡಿಸುವಾಗ ಅದುರಿ ಬೀಳತ್ತೆ ಅಮ್ಮಾ."

"ಓ, ನೀನು ನುಡಿಸ್ತೀಯಾ?" ಅಮ್ಮ ಕೆಳಗಿಟ್ಟ ಹೂಗುಚ್ಛವೊಂದನ್ನು ಕಾಲಿಗೆ ಸಿಗದಂತೆ ಗೋಡೆಗೆ ಸರಿಸಿದರು. "ಮುದ್ದು ಫೋನ್ ಮಾಡಿದ್ದ. ಅವನೂ ಏನೋ ತರ್ತಾನಂತೆ. ನೀವು ನೀವೇ ಮಾತಾಡ್ಕೊಳಿ. ನನ್ನನ್ನ ನ್ಯಾಯಕ್ಕೆ ಕರೀಬೇಡಿ, ಇವತ್ತೊಂದು ದಿನ."

ಟೀಚರ್ ಮುಖದಲ್ಲಿ ಏನೂ ತೋರಿಸಲಿಲ್ಲ. ಹೊಟ್ಟೆಯಲ್ಲಿ ಮಾತ್ರ, ಮೂವತ್ತೊಂಬತ್ತು ವರ್ಷದಿಂದ ಆರದೆ ಇದ್ದದ್ದು, ಭಗ್ಗೆಂದಿತು.

* * *

ಮುದ್ದು ಅನ್ನುವುದು ಉಳಿದ ಶಿಷ್ಯರು ಹೊಟ್ಟೆಕಿಚ್ಚಿಗೆ ಇಟ್ಟ ಹೆಸರು. ಅವನು ಸೇರಿದ್ದು ಟೀಚರಿಗಿಂತ ಏಳು ವರ್ಷ ತಡವಾಗಿ. ಗುರುವಾರ ಮೂರರಿಂದ ನಾಲ್ಕು ಟೀಚರ್ ಪಾಠ, ನಾಲ್ಕರಿಂದ ಐದು ಅವನದು. ಆಗ ಅವಳಿಗೆ ಹತ್ತೊಂಬತ್ತು, ಅವನಿಗೆ ಹದಿನಾಲ್ಕು, ಮೂಗು ಸೋರಿಸಿಕೊಂಡು ಬರುತ್ತಿದ್ದ ಒಣಕಲು ಹುಡುಗ.

ಪಾಠ ಮುಗಿಸಿ ಹೊರಬಂದವಳು ಕಿಟಕಿಯ ಕೆಳಗೆ ಕೂತು ಬೂಟಿನ ದಾರ ಕಟ್ಟುತ್ತಿದ್ದಳು. ಒಂದು ಬೂಟಿಗೆ ಹತ್ತು ನಿಮಿಷ. ಒಳಗೆ ಅವನು ನುಡಿಸುವುದು ಕೇಳುತ್ತಿತ್ತು. ಅದನ್ನು ಆಕೆ ಕೇಳಿಸಿಕೊಳ್ಳುತ್ತಿರಲಿಲ್ಲ. ಕಿವಿ ಇದ್ದದ್ದು ಮೇಷ್ಟ್ರ ಬಾಯಿಂದ ಒಂದು ಮಾತು ಬರುತ್ತದೋ ಇಲ್ಲವೋ ಅನ್ನುವುದಕ್ಕೆ. "ಭೇಷ್." ಟೀಚರಿಗೆ ಅದು ಹನ್ನೆರಡು ವರ್ಷದ ಪಾಠದಲ್ಲಿ ನಾಲ್ಕು ಸಲ ಸಿಕ್ಕಿತ್ತು. ಯಾವ ದಿನ, ಯಾವ ಪುಟ, ಯಾವ ಸಾಲು ಎಲ್ಲ ಬಾಯಿಪಾಠ. ಈ ಹುಡುಗನಿಗೆ ಒಂದೇ ಮಧ್ಯಾಹ್ನ ಮೂರು ಸಿಕ್ಕವು. ಆವತ್ತು ದಾರ ಎಳೆದ ರಭಸಕ್ಕೆ ಅದು ಕಿತ್ತು ಕೈಗೆ ಬಂತು. ದಾರವಿಲ್ಲದ ಬೂಟು ಹಾಕಿಕೊಂಡೇ ಮನೆಯವರೆಗೆ ಕಾಲೆಳೆದುಕೊಂಡು ಹೋದಳು.

ಆಮೇಲೆ ಅವನಿಗೆ ಶನಿವಾರ ಇನ್ನೊಂದು ಪಾಠ ಬೇರೆ ಶುರುವಾಯಿತು. ವಾರಕ್ಕೆ ಎರಡು ಪಾಠ ಅವನೊಬ್ಬನಿಗೇ. "ಯಾಕೆ ಮೇಷ್ಟ್ರೇ?" ಅಂತ ಕೇಳಿಯೇಬಿಟ್ಟಿದ್ದಳು.

"ಅವನು ಬೇಗ ಬೇಗ ತಿಂತಾನೆ. ಬಡಿಸಬೇಕಲ್ಲ," ಅಂದಿದ್ದರು ಮೇಷ್ಟ್ರು. "ನೀನು ಅಗಿದು ತಿನ್ನೋಳು. ನಿನಗೆ ಒಂದೇ ಸಾಕು."

ಅದನ್ನು ಹೊಗಳಿಕೆ ಅಂತ ತಿಳಿಯಬೇಕೋ ಬೈಗುಳ ಅಂತ ತಿಳಿಯಬೇಕೋ ಟೀಚರಿಗೆ ಇವತ್ತಿನವರೆಗೂ ಗೊತ್ತಾಗಿಲ್ಲ.

* * *

ಹತ್ತು ಗಂಟೆಯ ಹೊತ್ತಿಗೆ ಹಲ್ಲಿನ ಡಾಕ್ಟರೂ ಡ್ರೈವರಣ್ಣನೂ ಒಟ್ಟಿಗೇ ಬಂದರು. ಡಾಕ್ಟರು ಹುಡುಗನಾಗಿದ್ದಾಗ ಮಂಗಳವಾರದ ಶಿಷ್ಯ. ಮಣಿಕಟ್ಟು ಮುರಿದ ಮೇಲೆ ಪಿಯಾನೊ ಬಿಟ್ಟು ಹಲ್ಲು ಹಿಡಿದವರು. ಡ್ರೈವರಣ್ಣ ಊರಿನ ಬಸ್ಸು ಓಡಿಸುತ್ತಿದ್ದವರು, ಹೆಂಡತಿ ತೀರಿಕೊಂಡ ಮೇಲೆ ಐವತ್ತನೇ ವಯಸ್ಸಿನಲ್ಲಿ ಸೋಮವಾರಕ್ಕೆ ಬಂದು ಸೇರಿದವರು. ಇಬ್ಬರೂ ಮಂಚದ ಹತ್ತಿರ ಸ್ವಲ್ಪ ಹೊತ್ತು ನಿಂತು, ಆಮೇಲೆ ಗೋಡೆ ಪಕ್ಕದ ಕುರ್ಚಿಗಳಲ್ಲಿ ಕೂತರು.

"ಎಂಥಾ ಆರಾಮಾಗಿ ಮಲಗಿದಾರೆ ನೋಡಿ," ಅಂದರು ಡಾಕ್ಟರು. "ಬದುಕಿದ್ದಾಗ ಈ ಹಣೆ ಗಂಟು ಬಿಚ್ಚಿದ್ದೇ ನೋಡಿಲ್ಲ ನಾನು."

"ರೈಲ್ವೆ ಸ್ಟೇಷನ್ ಹತ್ರ ಕರ್ಕೊಂಡ್ ಹೋಗಿ, ಈಗ್ಲೂ ಗಂಟು ಹಾಕ್ಕೊಳ್ತಾರೆ," ಅಂದರು ಡ್ರೈವರಣ್ಣ. ಅಮ್ಮ ಕೂಡ ನಕ್ಕುಬಿಟ್ಟರು.

ಸ್ಟೇಷನ್ನಿನಲ್ಲಿ ಪ್ರತಿ ಪ್ರಕಟಣೆಗೂ ಮುಂಚೆ ಮೊಳಗುವ ಮೂರು ಸ್ವರ ಮೇಷ್ಟ್ರ ಸಹಪಾಠಿಯೊಬ್ಬ ಕಟ್ಟಿದ್ದು. ದಿನಕ್ಕೆ ಸಾವಿರಾರು ಜನ ಅವನ ಸಂಗೀತ ಕೇಳುತ್ತಾರೆ. ಮೇಷ್ಟ್ರು ಕಟ್ಟಿದ್ದು ಮೂರು ಶಾಲೆಗಳ ಬೆಳಗಿನ ಹಾಡು, ಅಗ್ನಿಶಾಮಕ ದಳದ ಬ್ಯಾಂಡಿಗೆ ಒಂದು ನಡಿಗೆಯ ಸಂಗೀತ, ಮಕ್ಕಳ ಕೈ ತಿದ್ದಲು ಅರವತ್ತು ಚಿಕ್ಕ ಚಿಕ್ಕ ಅಭ್ಯಾಸ. ಜೊತೆಗೆ ದೊಡ್ಡ ವಾದ್ಯವೃಂದಕ್ಕಾಗಿ ಆರು ವರ್ಷ ಕೂತು ಬರೆದ ಒಂದೇ ಒಂದು ರಚನೆ. ಅದನ್ನು ಪುರಭವನದಲ್ಲಿ ಒಂದೇ ಸಲ ನುಡಿಸಿದ್ದರು. ನಡುವೆ ಕರೆಂಟು ಹೋಯಿತು. ಬಂದಾಗ ಕುರ್ಚಿಗಳು ಅರ್ಧ ಖಾಲಿ.

"ಮೂವತ್ತು ವರ್ಷ ರೈಲು ಹತ್ತಲಿಲ್ಲ ಮಹಾನುಭಾವ," ಅಂದರು ಅಮ್ಮ. "ನನ್ನ ತಂಗಿ ಮನೆಗೆ ರೈಲಲ್ಲಿ ಎರಡು ಗಂಟೆ. ಬಸ್ಸಲ್ಲಿ ಐದು ಗಂಟೆ ನನ್ನ ಸೊಂಟ ಮುರಿಸ್ತಿದ್ರು, ಆ ಮೂರು ಸ್ವರ ಕಿವಿಗೆ ಬೀಳಬಾರದು ಅಂತ. ಅವರಿಗೆ ಹೊಟ್ಟೆಕಿಚ್ಚು ಇಲ್ಲದಿದ್ರೆ ತಿಂದ ಊಟ ಜೀರ್ಣ ಆಗ್ತಿರಲಿಲ್ಲ."

ನಗು ಇಳಿದ ಮೇಲೆ ಡಾಕ್ಟರು ಗಂಟಲು ಸರಿಮಾಡಿಕೊಂಡರು. ಕೋಟಿನ ಒಳಜೇಬಿನಿಂದ ಮಡಚಿದ ಕಾಗದದ ಕಟ್ಟು ತೆಗೆದರು. "ಟೀಚರೇ, ಒಂದು ಮಾತು. ನನ್ನ ಕೈ ಈಗ ಅಷ್ಟು ಚೆನ್ನಾಗಿಲ್ಲ, ಆದ್ರೂ... ಇದನ್ನ ನಾನು ನುಡಿಸ್ಲಾ ಅಂತ. ಯಾರಿಗೂ ಹೇಳಿಲ್ಲ ಇದುವರೆಗೂ. ಮೇಷ್ಟ್ರು ನನಗೇ ಅಂತ ಬರೆದು ಕೊಟ್ಟಿದ್ದು."

ಟೀಚರ್ ಇಸಿದುಕೊಂಡು ಬಿಚ್ಚಿದರು. ಮೇಷ್ಟ್ರ ಕೈಬರಹವೇ. ಬಾಲ ಎಡಕ್ಕೆ ಎಳೆದ ಸ್ವರಗಳು, ತಲೆ ಮೇಲೆ ದಪ್ಪಗೆ "ಮಂಗಳವಾರ". ಮೊದಲ ಸಾಲು ಓದಿದರು. ಎರಡನೆಯದು ಓದಿದರು. ಆಮೇಲೆ ತಲೆ ಎತ್ತಿ ಪಿಯಾನೊದ ಮೇಲೆ ತಾವೇ ನಿಲ್ಲಿಸಿದ್ದ ಹಾಳೆ ನೋಡಿದರು.

"ಏನಾಯ್ತು?" ಅಂದರು ಡಾಕ್ಟರು.

"ಇದು ನಂದು," ಅಂದರು ಟೀಚರ್.

ಡಾಕ್ಟರು ಎದ್ದು ಪಿಯಾನೊದ ಹತ್ತಿರ ಹೋಗಿ ಬಗ್ಗಿ ನೋಡಿದರು. ಅವರ ಮುಖವೂ ಇಳಿಯಿತು.

ಡ್ರೈವರಣ್ಣ ಇಬ್ಬರನ್ನೂ ಮಿಕಿಮಿಕಿ ನೋಡಿದರು. ನಿಧಾನಕ್ಕೆ ತಮ್ಮ ಪ್ಲಾಸ್ಟಿಕ್ ಚೀಲಕ್ಕೆ ಕೈಹಾಕಿ, ಎಣ್ಣೆ ಕಲೆಯಾದ ಐದು ಹಾಳೆ ಹೊರಗೆಳೆದರು. ತಲೆ ಮೇಲೆ "ಸೋಮವಾರ" ಅಂತ ಇತ್ತು.

"ನನಗೂ ಹೇಳಿದ್ರು," ಅಂದರು ಸಣ್ಣ ದನಿಯಲ್ಲಿ. "ಯಾರಿಗೂ ತೋರಿಸ್ಬೇಡ ಅಂತ."

* * *

ಸಂಗೀತ ಕಾಲೇಜಿನ ಆಯ್ಕೆಯಲ್ಲಿ ಮೂರನೇ ಸಲ ಬಿದ್ದ ವಾರ ಅದು. ಟೀಚರಿಗೆ ಆಗ ಇಪ್ಪತ್ತನಾಲ್ಕು. ಅದೇ ಆಯ್ಕೆಯಲ್ಲಿ ಮುದ್ದು ಮೊದಲ ಸಲಕ್ಕೇ ಪಾಸಾಗಿದ್ದ. ಅವಳ ಫಲಿತಾಂಶದ ಕಾಗದದಲ್ಲಿ ಒಂದು ಸಾಲು ಇತ್ತು: ಬಲಗೈಯ ಕಿರುಬೆರಳು ದುರ್ಬಲ. ಉಳಿದ ನಾಲ್ಕು ಬೆರಳು ಓಡುವಾಗ ಅದು ಒತ್ತಿದ ಕೀ ಬಿಟ್ಟು ತಾನಾಗಿ ಏಳುತ್ತಿತ್ತು. ಹನ್ನೆರಡನೇ ವಯಸ್ಸಿನಿಂದ ಮೇಷ್ಟ್ರು ಅದಕ್ಕೆ ಬೈದಿದ್ದರು, ಪುಸಲಾಯಿಸಿದ್ದರು, ಅದರ ಮೇಲೆ ನಾಣ್ಯ ಇಟ್ಟು ಬೀಳಿಸದೆ ನುಡಿಸು ಅಂದಿದ್ದರು. ಅದು ಯಾರ ಮಾತೂ ಕೇಳಲಿಲ್ಲ.

"ಪಾಠ ಬಿಡ್ತೀನಿ ಮೇಷ್ಟ್ರೇ. ಶಾಲೇಲಿ ಕೆಲಸ ಸಿಕ್ಕಿದೆ," ಅಂತ ಬಾಗಿಲಲ್ಲೇ ನಿಂತು ಹೇಳಿದಳು.

"ಮುಂದಿನ ಗುರುವಾರ ಒಂದ್ಸಲ ಬಾ," ಅಂದರು ಮೇಷ್ಟ್ರು. ಮುಂದಿನ ಗುರುವಾರ ಹೋದಾಗ, ತಲೆ ಮೇಲೆ "ಗುರುವಾರ" ಅಂತ ಬರೆದ ಈ ನಾಲ್ಕು ಹಾಳೆ ಕೈಗೆ ಕೊಟ್ಟರು. ಅವರ ಬೆರಳ ತುದಿಯಲ್ಲಿ ಇನ್ನೂ ಶಾಯಿ ಇತ್ತು.

"ಇದು ನಿನಗೆ ಅಂತಲೇ ಬರೆದಿದ್ದು. ಯಾರಿಗೂ ತೋರಿಸ್ಬೇಡ, ಹೊಟ್ಟೆ ಉರ್ಕೊಳ್ತಾರೆ."

ಅವಳು ಅಲ್ಲೇ ನಿಂತು ಓದುತ್ತ ಹೋದಳು. ಕೊನೆಯ ಸಾಲಿಗೆ ಬಂದಾಗ ನಿಂತಳು. ಎಲ್ಲಕ್ಕಿಂತ ಮೇಲಿನ ಸ್ವರ ಕಿರುಬೆರಳಿನಲ್ಲಿ ಒತ್ತಿ ಎಂಟು ಎಣಿಕೆ ಹಿಡಿಯಬೇಕು. ಅಷ್ಟು ಹೊತ್ತೂ ಉಳಿದ ನಾಲ್ಕು ಬೆರಳು ಕೆಳಗೆ ಓಡಾಡುತ್ತ, ಒಂದೊಂದಾಗಿ ನಿಲ್ಲುತ್ತವೆ. ಕಡೆಗೆ ಮೇಲಿನ ಆ ಒಂದು ಸ್ವರ ಉಳಿಯಬೇಕು.

"ಇದು ನನ್ನ ಕೈಲಿ ಆಗಲ್ಲ ಮೇಷ್ಟ್ರೇ. ಐದನೇ ಎಣಿಕೆಗೆ ಬೆರಳು ಎದ್ದುಬಿಡತ್ತೆ."

"ಗೊತ್ತು."

"ಗೊತ್ತಿದ್ದೂ ಯಾಕೆ ಬರೆದ್ರಿ?"

"ಬರೆಯೋನು ನಾನು, ನುಡಿಸೋಳು ನೀನು. ನಿನ್ನ ಕೆಲಸ ನೀನು ನೋಡ್ಕೋ."

ಟೀಚರ್ ಅದನ್ನು ಗಂಡನಿಗೂ ತೋರಿಸಲಿಲ್ಲ. ಅವನು ಕೆಲಸಕ್ಕೆ ಹೋದ ಮೇಲೆ, ಎಂಥ ಸೆಕೆಯಲ್ಲೂ ಕಿಟಕಿ ಮುಚ್ಚಿಕೊಂಡು ನುಡಿಸುತ್ತಿದ್ದರು. ಮುದ್ದು ಒಂದೊಂದೇ ದೇಶ ದಾಟಿ ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ನುಡಿಸುತ್ತಿರುವ ಸುದ್ದಿ ಪೇಪರಿನಲ್ಲಿ ಬಂದ ದಿನ ಆ ಹಾಳೆ ತೆಗೆದು ಬರೀ ನೋಡುತ್ತಿದ್ದರು. ನಿನಗೆ ಊರೆಲ್ಲ ಇರಬಹುದು ಕಣೋ, ಇದು ಇಲ್ಲವಲ್ಲ. ಗುರುವಾರ ಅಂದರೆ ಗುರುವಿನ ವಾರ. ಮೇಷ್ಟ್ರು ಅದನ್ನು ಸುಮ್ಮನೆ ಬರೆದಿರಲಾರರು ಅಂತಲೂ ಅನ್ನಿಸುತ್ತಿತ್ತು. ಮೂವತ್ತನಾಲ್ಕು ವರ್ಷ ಆ ಒಂದು ಸಮಾಧಾನದಲ್ಲಿ ಬೇರೆಲ್ಲ ನುಂಗಿಕೊಂಡಿದ್ದರು.

* * *

ಮುದ್ದು ಬಂದಾಗ ಮೂವರೂ ಪಿಯಾನೊದ ಮುಚ್ಚಳದ ಮೇಲೆ ಹಾಳೆ ಹರಡಿಕೊಂಡು ನಿಂತಿದ್ದರು. ಈಗ ಅವನಿಗೆ ಐವತ್ತಮೂರು. ಕೂದಲು ಉದುರಿದೆ, ಕರಿ ಕೋಟು ಮೈಗೆ ಹೊಲಿದಂತೆ ಕೂತಿದೆ. ಮೇಷ್ಟ್ರ ಪಾದ ಮುಟ್ಟಿ, ಅಮ್ಮನ ಕೈ ಹಿಡಿದು ಅತ್ತು, ಕಣ್ಣೊರೆಸಿಕೊಂಡು ಇವರ ಹತ್ತಿರ ಬಂದ. ಹಾಳೆಗಳನ್ನು ನೋಡಿದ. ಚರ್ಮದ ಚೀಲ ತೆರೆಯಲು ಹೋದವನ ಕೈ ಅರ್ಧಕ್ಕೇ ನಿಂತಿತು.

"ತೆಗಿ, ತೆಗಿ," ಅಂದರು ಟೀಚರ್. "ನಿಂದ್ಯಾವ ವಾರ?"

"ಶನಿವಾರ ಅಕ್ಕ."

ಅಂಥ ಹೊತ್ತಿನಲ್ಲೂ ಟೀಚರಿಗೆ ಒಂದಿಷ್ಟು ತಂಪಾಯಿತು. ಗುರುವಾರ ಅವನಿಗೂ ಪಾಠ ಇತ್ತು, ಆದರೆ ಆ ವಾರ ಅವನಿಗೆ ಸಿಕ್ಕಿಲ್ಲ.

ಯಾರದು ಮೊದಲು ಬರೆದದ್ದು ಅನ್ನುವುದಕ್ಕೆ ಒಂದು ಗುರುತೂ ಇರಲಿಲ್ಲ. ತಾರೀಖಿಲ್ಲ, ವರ್ಷವಿಲ್ಲ. ಮೇಷ್ಟ್ರಿಗೆ ಯಾವ ವರ್ಷ ನಡೆಯುತ್ತಿದೆ ಅನ್ನುವುದೇ ನೆನಪಿರುತ್ತಿರಲಿಲ್ಲ, ಇವತ್ತು ಯಾವ ವಾರ ಅನ್ನುವುದು ಮಾತ್ರ ಗೊತ್ತಿರುತ್ತಿತ್ತು. ಡಾಕ್ಟರು ಶಾಯಿಯ ಬಣ್ಣ ನೋಡಿ ತಮ್ಮದೇ ಹಳೆಯದು ಅಂದರು. ಟೀಚರ್ ಕಾಗದದ ಅಂಚು ಹಳದಿಯಾದದ್ದು ತೋರಿಸಿದರು. ನಿಮ್ಮದು ಬಿಸಿಲಲ್ಲಿ ಇಟ್ಟಿದ್ದಿರಬೇಕು ಅಂದರು ಡಾಕ್ಟರು. ಡ್ರೈವರಣ್ಣ ತಮ್ಮದು ಮೊದಲಿನದಲ್ಲ ಅಂತ ಒಪ್ಪಿಕೊಂಡು, ಆದರೆ ಐದು ಹಾಳೆ ಇರುವುದು ತಮ್ಮದೊಂದೇ ಅಂತ ನೆನಪಿಸಿದರು.

"ಸಾಕು ಮಾಡ್ರೋ," ಅಂದರು ಅಮ್ಮ ಕುರ್ಚಿಯಿಂದ. "ತನ್ನ ತಟ್ಟೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದವರ ತಟ್ಟೆ ನೊಣ ಎಣಿಸೋ ಬುದ್ಧಿ. ಅವರದ್ದೇ ಬುದ್ಧಿ ಬಂದಿದೆ ನಿಮಗೆಲ್ಲ. ಬುಧವಾರದೋನು ಸತ್ತೇಹೋದ, ಶುಕ್ರವಾರದೋಳು ಬರಲಿಲ್ಲ, ಪುಣ್ಯ. ಇಲ್ಲದಿದ್ರೆ ಹೆಣದ ಮುಂದೆ ಆರು ಜನ ಕಿತ್ತಾಡ್ತಿದ್ರಿ."

"ನಿಮಗೆ ಗೊತ್ತಿತ್ತಾ ಅಮ್ಮಾ?" ಅಂದ ಮುದ್ದು.

"ಮನೇಲಿ ಇದ್ದೋರಿಗೆ ಗೊತ್ತಿರಲ್ವಾ?"

ಒಂದೇ ರಚನೆ ಅಂದುಕೊಂಡದ್ದು ಪೂರ್ತಿ ಒಂದೇ ಆಗಿರಲಿಲ್ಲ. ಅದನ್ನು ಮೊದಲು ಕಂಡವರು ಡಾಕ್ಟರು. ಅವರ ಹಾಳೆಯಲ್ಲಿ ಎಡಗೈಗೆ ಅಗಲವಾಗಿ ಕೈಚಾಚುವ ಕಡೆಯೆಲ್ಲ ಮೇಷ್ಟ್ರು ಸ್ವರ ಕಡಿಮೆ ಮಾಡಿದ್ದರು. ಮುರಿದ ಮಣಿಕಟ್ಟು ಎಡಗೈಯದು. ಡ್ರೈವರಣ್ಣನ ಹಾಳೆಯಲ್ಲಿ ಸ್ವರಗಳು ದೂರ ದೂರ. ಸ್ಟಿಯರಿಂಗ್ ಹಿಡಿದು ದಪ್ಪಗಾದ ಬೆರಳು ಒಂದು ಒತ್ತಲು ಹೋಗಿ ಎರಡು ಒತ್ತುತ್ತಿದ್ದವು. ಅದಕ್ಕೇ ಐದು ಹಾಳೆ. ಮುದ್ದುವಿನದರಲ್ಲಿ ಬಲಗೈ ಮೇಲಿಂದ ಕೆಳಗೆ ಜಾರುತ್ತ ಬರುವ ಕಡೆ ಜೋಡಿ ಸ್ವರಗಳ ಸುರಿಮಳೆ. ಅವನು ಹದಿನಾಲ್ಕಕ್ಕೇ ಅದರಲ್ಲಿ ಗಟ್ಟಿಗ. ಕೊನೆಯ ಸಾಲಿನ ಆ ಉದ್ದ ಸ್ವರ ಮೂವರಲ್ಲಿ ಒಬ್ಬರ ಹಾಳೆಯಲ್ಲೂ ಕಿರುಬೆರಳಿಗೆ ಬಂದಿರಲಿಲ್ಲ. ಒಬ್ಬರಿಗೆ ನಡುಬೆರಳು, ಒಬ್ಬರಿಗೆ ಎಡಗೈ, ಮುದ್ದುವಿಗೆ ಅಲ್ಲಿ ಬೆರಳು ಕುಣಿಸುವ ಆಟ.

ಮುದ್ದು ಟೀಚರ್ ಹಾಳೆಯ ಕೊನೆಯ ಸಾಲನ್ನು ತುಂಬಾ ಹೊತ್ತು ನೋಡಿದ. "ಇದು ಕಿರುಬೆರಳಿಗಾ? ನಿಮ್ಮ ಕಿರುಬೆರಳಿಗಾ?"

"ಹೂಂ. ನಿಮಗೆಲ್ಲ ಸುಲಭ ಮಾಡಿಕೊಟ್ಟು ನನ್ನ ಕುತ್ತಿಗೆಗೆ ತಂದಿಟ್ಟಿದ್ದಾರೆ."

"ಬಂತಾ ನಿಮಗೆ?"

"ಇಲ್ಲ," ಅಂದರು ಟೀಚರ್. ಸುಳ್ಳು ಹೇಳೋಣ ಅಂದುಕೊಂಡಿದ್ದರು. ಮೇಷ್ಟ್ರು ಪಕ್ಕದಲ್ಲೇ ಇದ್ದರು.

ಮುದ್ದು ತನ್ನ ಹಾಳೆಗಳನ್ನು ಒಟ್ಟುಮಾಡಿ ಚೀಲಕ್ಕೆ ತುರುಕಿದ. "ನನ್ನದರಲ್ಲಿ ನನಗೆ ಬರದೇ ಇರೋದು ಒಂದೂ ಇಲ್ಲ ಅಕ್ಕ. ಮೂರು ದಿನದಲ್ಲಿ ಕಲಿತು ಮಡಚಿಟ್ಟೆ. ಇವತ್ತಿಗೂ ಯಾಕೋ ಅದನ್ನ ನೋಡಿದ್ರೆ ಮುಗಿದುಹೋದ ಪಾಠ ಅನ್ಸತ್ತೆ. ಮೇಷ್ಟ್ರು ನನಗೆ ಬರೋದನ್ನೇ ಬರೆದುಕೊಟ್ಟು ಹೋಗಪ್ಪಾ ಅಂದ್ರು. ನಿಮ್ಮನ್ನ ಬಿಡಲೇ ಇಲ್ಲ ನೋಡಿ." ಟೀಚರ್ ಆ ದನಿಯನ್ನು ಕೂಡಲೇ ಗುರುತುಹಿಡಿದರು. ಕಿಟಕಿಯ ಕೆಳಗೆ ಬೂಟಿನ ದಾರ ಕಟ್ಟುತ್ತ ಕೂತಾಗ ತಮ್ಮ ಒಳಗೆ ಇದ್ದದ್ದು ಅದೇ. "ನೀವೇ ನುಡಿಸಿ," ಅಂದ.

ಮೂವತ್ತೊಂಬತ್ತು ವರ್ಷ ಕಾದ ಮಾತು. ಟೀಚರಿಗೆ ನಿಜಕ್ಕೂ ಖುಷಿಯಾಯಿತು, ಅದನ್ನು ಮುಚ್ಚಿಟ್ಟುಕೊಳ್ಳಲು ತಲೆ ಬಗ್ಗಿಸಬೇಕಾಯಿತು.

ಅಷ್ಟರಲ್ಲಿ ಮೇಷ್ಟ್ರ ಮಗಳು ಟೀ ತಂದಳು. ನಲವತ್ತನಾಲ್ಕರ ಹೆಂಗಸು, ಕನ್ನಡಕದ ಅಂಗಡಿಯಲ್ಲಿ ಕೆಲಸ, ಮದುವೆಯಾಗಿ ಎರಡು ಬೀದಿ ಆಚೆ ಮನೆ, ಸಂಜೆಯಾದರೆ ಇವತ್ತಿಗೂ ಇಲ್ಲೇ. ಬೆಳಿಗ್ಗೆಯಿಂದ ಅಡುಗೆಮನೆಗೂ ಬಾಗಿಲಿಗೂ ಓಡಾಡುತ್ತಲೇ ಇದ್ದಳು. ಇವಳನ್ನು ಕಂಡರೂ ಟೀಚರಿಗೆ ಒಂದು ಕಾಲಕ್ಕೆ ಹೊಟ್ಟೆಯುರಿ. ತಮಗೆ ವಾರಕ್ಕೆ ಒಂದು ಗಂಟೆ ಸಿಕ್ಕ ಮೇಷ್ಟ್ರು ಇವಳಿಗೆ ಏಳು ದಿನವೂ ಸಿಗುತ್ತಾರಲ್ಲ ಅಂತ.

"ನಿಮಗ್ಯಾವುದು ಬರೆದುಕೊಟ್ಟಿದ್ರಮ್ಮಾ?" ಅಂದರು ಡ್ರೈವರಣ್ಣ ಲೋಟ ತೆಗೆದುಕೊಳ್ಳುತ್ತ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು.

"ನನಗಾ?" ಮಗಳು ಹಾಳೆಗಳತ್ತ ನೋಡಿದಳು. "ಭಾನುವಾರ ಪಾಠ ಇರ್ತಿರಲಿಲ್ಲವಲ್ಲ ಅಣ್ಣಾ."

"ಕಲಿಲೇ ಇಲ್ವಾ ನೀವು?"

"ಕೇಳಿದ್ದೆ. ಏಳೋ ಎಂಟೋ ವರ್ಷ ಆಗ. ಭಾನುವಾರ ನೋಡೋಣ ಅಂದ್ರು. ಭಾನುವಾರ ಮುಚ್ಚಳ ಹಾಕಿ, ಇವತ್ತು ನನ್ನ ಕಿವಿಗೆ ರಜ ಅಂತ ಮಲಗೋರು. ಮುಂದಿನ ಭಾನುವಾರ, ಮುಂದಿನ ಭಾನುವಾರ..." ಅವಳು ಖಾಲಿ ತಟ್ಟೆಯನ್ನು ಎದೆಗೊತ್ತಿ ಹಿಡಿದುಕೊಂಡಳು. "ನಿಮ್ಮೆಲ್ಲರ ಒಂದೊಂದು ಬೆರಳಿನ ಉದ್ದ ಗೊತ್ತಿತ್ತು ನಮ್ಮಪ್ಪನಿಗೆ. ನಾನು ಹುಟ್ಟಿದ್ದು ಯಾವ ತಿಂಗಳು ಅಂತ ಮಾತ್ರ ಪ್ರತಿವರ್ಷ ಅಮ್ಮನ್ನ ಕೇಳಬೇಕಾಗಿತ್ತು. ನಿಮ್ಮನ್ನೆಲ್ಲ ಕಂಡ್ರೆ ನನಗೆ ಆಗ್ತಿರಲಿಲ್ಲ. ಈಗ್ಲೂ ಅಷ್ಟೇ. ಟೀ ಆರತ್ತೆ, ಕುಡೀರಿ."

* * *

ಹತ್ತೂ ಮುಕ್ಕಾಲಿಗೆ ವ್ಯಾನು ಬಂದು ಹೊರಗೆ ನಿಂತಿತು. ಕೋಣೆಯಲ್ಲಿ ಈಗ ಬೀದಿಯವರೂ ಸೇರಿ ಮೂವತ್ತು ಜನ. ಟೀಚರ್ ಬೆಂಚಿನ ಮೇಲೆ ಕೂತರು. ಬೆನ್ನ ಹಿಂದೆ ಪಿಸುಮಾತು ನಿಂತಿತು.

"ನಾನು ಹಾಳೆ ತಿರುಗಿಸ್ತೀನಿ ಅಕ್ಕ," ಅಂತ ಮುದ್ದು ಮುಂದೆ ಬಂದ.

"ನೀನು ಬೇಡ," ಅಂದರು ಟೀಚರ್, ಸ್ವಲ್ಪ ಜೋರಾಗಿಯೇ. ಐದನೇ ಎಣಿಕೆಗೆ ತಮ್ಮ ಬೆರಳು ಏಳುವುದನ್ನು ಅವನು ಹತ್ತಿರದಿಂದ ನೋಡುವುದು ಅವರಿಗೆ ಬೇಕಿರಲಿಲ್ಲ. ಸುತ್ತ ನೋಡಿದರು. ಕೈಗೆಟುಕುವಲ್ಲಿ ಇದ್ದವಳು ಮಗಳು ಒಬ್ಬಳೇ. "ಬಾಮ್ಮಾ, ನೀನು ತಿರುಗಿಸು."

"ನನಗೆ ಇದನ್ನ ಓದೋಕೆ ಬರಲ್ಲ ಅಕ್ಕ."

"ಓದೋದೇನೂ ಬೇಡ. ನಾನು ತಲೆ ಆಡಿಸಿದಾಗ ತಿರುಗಿಸಿದ್ರೆ ಆಯ್ತು."

ಮಗಳು ಬಲಗಡೆ ಬಂದು ನಿಂತಳು. ಹಾಳೆಯ ತಲೆಯ ಮೇಲಿನ ಅಕ್ಷರ ಓದಿದಳು. "ಗುರುವಾರದ್ದು," ಅಂದಳು, ತನಗೆ ತಾನೇ.

ಟೀಚರ್ ಶುರುಮಾಡಿದರು. ಮೊದಲು ಕೈ ಬಿಗಿದುಕೊಂಡಿತ್ತು, ಎರಡನೇ ಸಾಲಿಗೆ ಸಡಿಲವಾಯಿತು. ಮೂವತ್ತನಾಲ್ಕು ವರ್ಷದಲ್ಲಿ ಇದನ್ನು ಇನ್ನೊಬ್ಬರ ಎದುರು ನುಡಿಸುತ್ತಿರುವುದು ಇದೇ ಮೊದಲು. ಮೊದಲ ಪುಟದ ಕೊನೆ ಬಂತು, ತಲೆ ಆಡಿಸಬೇಕು ಅಂದುಕೊಳ್ಳುವಷ್ಟರಲ್ಲಿ ಹಾಳೆ ತಿರುಗಿತು. ಆತುರದಲ್ಲಿ ತಿರುಗಿಸಿಬಿಟ್ಟಳು ಅಂದುಕೊಂಡರು. ಆದರೆ ಆ ಹೊತ್ತೇ ಸರಿಯಾದ ಹೊತ್ತು. ಎರಡನೇ ಪುಟ ಮುಗಿಯುವ ಕಡೆ ಟೀಚರ್ ಯಾವಾಗಲೂ ಸ್ವಲ್ಪ ಓಡುತ್ತಿದ್ದರು, ಇವತ್ತೂ ಓ‍ಡಿದರು. ಮಗಳ ಕೈ ಕೂಡ ಅಷ್ಟೇ ಬೇಗ ಬಂತು. ಮೂರನೆಯದಕ್ಕೆ ಟೀಚರ್ ಬೇಕೆಂದೇ ತಲೆ ಆಡಿಸದೆ ಕೂತರು. ಹಾಳೆ ತಾನಾಗಿ ತಿರುಗಿತು.

ಕೊನೆಯ ಸಾಲು. ಕಿರುಬೆರಳು ಮೇಲಿನ ಸ್ವರದ ಮೇಲೆ ಕೂತಿತು. ಒಂದು, ಎರಡು, ಮೂರು, ನಾಲ್ಕು. ಐದಕ್ಕೆ ಎದ್ದುಬಿಟ್ಟಿತು. ಉಳಿದ ಬೆರಳು ಒಂದೊಂದಾಗಿ ನಿಂತವು. ಮೇಲೆ ಉಳಿಯಬೇಕಾದದ್ದು ಇಲ್ಲದೆ ರಚನೆ ಅಲ್ಲಿಗೇ ಮುಗಿದುಹೋಯಿತು.

ಯಾರೋ ಮೂಗು ಒರೆಸಿಕೊಂಡರು. ಹಿಂದೆ ಕುರ್ಚಿಗಳು ಸರಿದವು. ಹೊರಗಿಂದ ವ್ಯಾನಿನವನು ಒಮ್ಮೆ ಮೆಲ್ಲಗೆ ಹಾರ್ನ್ ಮಾಡಿದ. ಟೀಚರ್ ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲಿ ಮಗಳು ನಾಲ್ಕೂ ಹಾಳೆಗಳನ್ನು ಹಿಂದಕ್ಕೆ ಮಗುಚಿ ಮೊದಲ ಪುಟವನ್ನು ಮತ್ತೆ ಮುಂದೆ ತಂದು ನಿಲ್ಲಿಸಿದಳು.

"ಮುಗೀತಲ್ಲಮ್ಮಾ," ಅಂದರು ಟೀಚರ್.

"ಅಪ್ಪ ಎರಡು ಸಲ ನುಡಿಸ್ತಿದ್ರು."

"ಯಾವುದನ್ನ?"

"ಎಲ್ಲರದ್ದೂ. ಆ ವಾರದ್ದು ಆವತ್ತು. ಸಂಜೆ ಪಾಠ ಎಲ್ಲ ಮುಗಿದ ಮೇಲೆ." ಮಗಳು ದನಿ ತಗ್ಗಿಸಿ ಹೇಳುತ್ತಿದ್ದಳು, ಆದರೂ ಕೋಣೆ ಕೇಳಿಸಿಕೊಳ್ಳುತ್ತಿತ್ತು. "ಮೊದಲು ನೀವು ನುಡಿಸೋ ಹಾಗೆ, ನಿಮ್ಮ ಕೈ ಗೊತ್ತಿತ್ತಲ್ಲ ಅವರಿಗೆ. ಎರಡನೇ ಪುಟದಲ್ಲಿ ಓಡ್ಕೊಂಡು, ಕೊನೇಲಿ ಹೀಗೆ ಬಿಟ್ಟು. ಆಮೇಲೆ ಇನ್ನೊಂದು ಸಲ, ಬರೆದಿರೋ ಹಾಗೆ. ನೀವು ಪಾಠ ಬಿಟ್ಟ ಮೇಲೂ ಪ್ರತಿ ಗುರುವಾರ. ಹೋದ ವಾರವೂ."

ಟೀಚರ್ ಮಂಚದ ಕಡೆ ನೋಡಲಿಲ್ಲ. ನೋಡಿದ್ದು ಈ ಹೆಂಗಸಿನ ಮುಖವನ್ನು. ಬರೆದಿರೋ ಹಾಗೆ. ತಾವು ಮೂವತ್ತನಾಲ್ಕು ವರ್ಷ ಕಿಟಕಿ ಮುಚ್ಚಿಕೊಂಡು ಹುಡುಕಿದ್ದು, ಒಂದೇ ಒಂದು ಸಲವೂ ಕಿವಿಗೆ ಬೀಳದೆ ಹೋದದ್ದು, ಇವಳಿಗೆ ತರಕಾರಿ ಹೆಚ್ಚುತ್ತ, ಬಟ್ಟೆ ಮಡಚುತ್ತ, ಪುಕ್ಕಟೆಯಾಗಿ ಸಿಕ್ಕಿದೆ. ಹೊಟ್ಟೆ ಉರಿಯಿತು. ಮುದ್ದುವಿಗಾಗಿ ಇಷ್ಟು ವರ್ಷ ಉರಿದದ್ದೆಲ್ಲ ಇದರ ಮುಂದೆ ಏನೂ ಅಲ್ಲ.

"ಹೇಗಿರತ್ತೆ ಅದು? ಕೊನೇದು?" ಅಂತ ಕೇಳಿದರು.

"ನನಗೆ ಹೇಳೋಕೆ ಬರಲ್ಲ ಅಕ್ಕ. ಉಳ್ಕೊಳತ್ತೆ. ಕೆಳಗಿಂದೆಲ್ಲ ಹೋದ ಮೇಲೂ ಅದೊಂದು ಉಳ್ಕೊಳತ್ತೆ."

ಹಾರ್ನ್ ಇನ್ನೊಮ್ಮೆ ಕೇಳಿತು. "ಕಾಯ್ಲಿ ಬಿಡು," ಅಂದರು ಅಮ್ಮ ಹಿಂದಿನಿಂದ. "ಅವರಿಗೇನು ಅವಸರ ಈಗ."

ಟೀಚರ್ ಬೆಂಚಿನಲ್ಲಿ ಎಡಕ್ಕೆ ಸರಿದರು. ಸರಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಕೂತ್ಕೋ," ಅಂದರು.

"ನಾನಾ?"

"ಕೂತ್ಕೋ ಅಂದ್ನಲ್ಲ. ಕೈ ಕೊಡು. ಆ ಬೆರಳಲ್ಲ, ತೋರುಬೆರಳು." ಮಗಳ ಬೆರಳನ್ನು ಹಿಡಿದು ಬಲಗಡೆಯ ಒಂದು ಬಿಳಿ ಕೀಯ ಮೇಲೆ ಇಟ್ಟರು. ಪಾತ್ರೆ ತೊಳೆದು ಬಂದ ಕೈ, ಬೆರಳು ಇನ್ನೂ ಒದ್ದೆ. "ಕೊನೇ ಸಾಲಲ್ಲಿ ಇದು ನಿಂದು. ಯಾವಾಗ ಅಂತ ನಾನು ಹೇಳಬೇಕಾ?"

ಮಗಳು ಇಲ್ಲ ಅಂತ ತಲೆ ಆಡಿಸಿದಳು.

ಟೀಚರ್ ಎರಡನೇ ಸಲ ನುಡಿಸಿದರು. ಎರಡನೇ ಪುಟದಲ್ಲಿ ಓಡದಂತೆ ಕೈ ಹಿಡಿದುಕೊಂಡರು. ಹಾಳೆಗಳನ್ನು ಮಗಳು ಎಡಗೈಯಲ್ಲೇ ತಿರುಗಿಸಿದಳು, ಬಲಗೈ ಬೆರಳನ್ನು ಇಟ್ಟಲ್ಲಿಂದ ತೆಗೆಯಲಿಲ್ಲ. ಕೊನೆಯ ಸಾಲು ಬಂತು. ಟೀಚರ್ ತಿರುಗಿ ನೋಡುವ ಮೊದಲೇ ಮೇಲಿನ ಸ್ವರ ಮೊಳಗಿತು, ಕಲಿಯದ ಬೆರಳಿನ ಸ್ವರ, ಅಗತ್ಯಕ್ಕಿಂತ ತುಸು ಜೋರು. ಅದರ ಕೆಳಗೆ ಟೀಚರ್ ನಾಲ್ಕು ಬೆರಳು ಓಡಿದವು. ಐದು, ಆರು, ಏಳು. ಒಂದೊಂದಾಗಿ ನಿಂತವು. ಎಂಟು.

ಟೀಚರ್ ಕೈ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಮೇಲಿನ ಸ್ವರ ಒಂದೇ ಉಳಿದು, ಸಣ್ಣದಾಗುತ್ತ, ಇದೆಯೋ ಇಲ್ಲವೋ ಅನ್ನುವಷ್ಟಾಯಿತು. ಆಮೇಲೆ ಅದೂ ಇರಲಿಲ್ಲ. ವ್ಯಾನಿನವರು ಬಾಗಿಲಿಗೆ ಬಂದು ಟೋಪಿ ಕೈಲಿ ಹಿಡಿದು ನಿಂತರು. ನಾಲ್ಕು ಜನ ಮಂಚದ ಹತ್ತಿರ ಹೋದರು. ಮಗಳು ಕೀಯ ಮೇಲಿಂದ ಬೆರಳು ಎತ್ತಲಿಲ್ಲ.